ಬಿಸಿಲಿನಲ್ಲಿ ಕಲಿತ ರೋಬೋ

ಬೆಳಗಾವಿಯ ನಮ್ಮ ಕಾನ್ವೆಂಟಿನ ಸೈನ್ಸ್ ಲ್ಯಾಬಿನಲ್ಲಿ ಒಂದು ಗಾಜಿನ ಕಪಾಟು ಇತ್ತು. ಅದರೊಳಗೆ ಹಿತ್ತಾಳೆಯ ತಕ್ಕಡಿ, ತಾಮ್ರದ ಸುರುಳಿ, ಒಂದು ಪುಟ್ಟ ಎಲೆಕ್ಟ್ರಿಕ್ ಮೋಟರ್. ಸಿಸ್ಟರ್ ಕೀಲಿ ತೆಗೆದು ಮೋಟರನ್ನು ಟೇಬಲ್ ಮೇಲಿಟ್ಟು, "ಗರ್ಲ್ಸ್, ಯು ಮೇ ಲುಕ್, ಬಟ್ ಡೋಂಟ್ ಟಚ್" ಎನ್ನುತ್ತಿದ್ದರು. ನಾವು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸುತ್ತ ನಿಂತು ನೋಡುತ್ತಿದ್ದೆವು. ನೋಡಿಯಾದ ಮೇಲೆ ಅದು ಮತ್ತೆ ಕಪಾಟಿಗೆ ಹೋಗುತ್ತಿತ್ತು. ನಿಪ್ಪಾಣಿಯ ತಂಬಾಕಿನ ಗೋದಾಮುಗಳ ಘಾಟಿಗೆ ಸೀನುತ್ತ ಬೆಳೆದ ನನಗೆ ಆ ಲ್ಯಾಬಿನ ಸ್ಪಿರಿಟ್ ವಾಸನೆಯೇ ಒಂದು ಫಾರಿನ್ ಟ್ರಿಪ್ ಇದ್ದ ಹಾಗೆ. ಆದರೆ ಆ ಮೋಟರ್ ತಿರುಗಿದ್ದನ್ನು ಮಾತ್ರ ನಾನು ಒಮ್ಮೆಯೂ ಕಾಣಲಿಲ್ಲ.

ಈಗ ಚಿಕ್ಕೋಡಿಯ ಶಾಲೆಯೊಂದರ ಹಿಂದಿನ ಖೋಲಿಯಲ್ಲಿ, ಹುಡುಗನೊಬ್ಬ ಮೋಟರಿನ ವೈರನ್ನು ಹಲ್ಲಿನಿಂದ ಸುಲಿದು, ಅದನ್ನು ಬ್ಯಾಟರಿಗೆ ತಾಗಿಸಿ, ಗರ್ರೆಂದು ತಿರುಗಿದ್ದನ್ನು ಕಿವಿಗೆ ಹಿಡಿದು, "ಇದರ ದನಿ ಸರಿ ಇಲ್ರಿ ಮಿಸ್, ಒಳಗ ಕಸಾ ಸೇರೇತಿ" ಎಂದಾಗ, ಹಲ್ಲಿನ ಬಗ್ಗೆ ಗದರಬೇಕಾದ ನಾನು ಗದರುವುದನ್ನೇ ಮರೆತೆ.

ನಾನು ಅಲ್ಲಿಗೆ ಹೋದದ್ದು ಹೀಗೆ. ಅದೇ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು ನಾನು. ಹೋದ ವರ್ಷ, ಮಳೆಗಾಲ ಮುಗಿದ ಮೇಲೆ, ಅಲ್ಲಿನ ಸೈನ್ಸ್ ಸರ್ ಮನೆಗೆ ಬಂದರು. ಚಹಾ ಕುಡಿದು, ಬಶಿಯನ್ನು ಸರಿಯಾಗಿ ಕಪ್ಪಿನ ಕೆಳಗಿಟ್ಟು ಮಾತು ತೆಗೆದರು.

"ಬಾಯಾರ, ಬೆಳಗಾವ್ಯಾಗ ರೋಬೋಟಿಕ್ಸ್ ಕಾಂಪಿಟಿಶನ್ ಐತ್ರಿ. ಮಶೀನ ನಮ್ಮ ಹುಡುಗೂರು ಮಾಡ್ತಾರ, ಅದರ ಚಿಂತಿ ಇಲ್ಲ. ಆದ್ರ ಜಡ್ಜ್ ಮುಂದ ನಿಂತು ಮಾತಾಡೂದು ಐತಲ್ರಿ, ಅಲ್ಲೆ ಬಾಯಿಗೆ ಬೀಗ ಬೀಳತೈತಿ. ನೀವು ಒಂದಿಷ್ಟ ತಯಾರ ಮಾಡ್ರಿ."

"ರೋಬೋ ಬಗ್ಗೆ ನನಗೆ ಎಬಿಸಿ ಗೊತ್ತಿಲ್ಲಪ್ಪಾ" ಎಂದೆ.

"ಅದ ಛಲೋ ಆತಲ್ರಿ. ನಿಮಗ ತಿಳಿಯೂ ಹಂಗ ಅವರು ಹೇಳಿದ್ರಂದ್ರ, ಜಡ್ಜಿಗೂ ತಿಳೀತೈತಿ."

ಇದು ಹೊಗಳಿಕೆಯೋ ಏನೋ ಎಂದು ಯೋಚಿಸುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿದ್ದರು.

ತಂಡದಲ್ಲಿ ಮೂವರೇ. ಮೂವರೂ ಒಂಬತ್ತನೇ ಕ್ಲಾಸು. ಸರ್ ಅವರನ್ನು ಊರ ಹೆಸರಿನಿಂದಲೇ ಕರೆಯುತ್ತಿದ್ದರು. ನನಗೂ ಅದೇ ಬಾಯಿಗೆ ಬಂತು. ಬೇಡಕಿಹಾಳದಿಂದ ದಿನಾ ಬಸ್ಸಿನಲ್ಲಿ ಬರುವ, ಜೈನರ ಒಕ್ಕಲು ಮನೆಯ ಹುಡುಗಿ. ರೋಬೋಗೆ ಪ್ರೋಗ್ರಾಂ ಬರೆಯುವವಳು ಅವಳೇ, ಮಾತು ಕಡಿಮೆ. ಕುಡಚಿಯ ಹುಡುಗಿ, ಓದಲೆಂದು ಚಿಕ್ಕೋಡಿಯಲ್ಲಿ ತನ್ನ ಖಾಲಾನ, ಅಂದರೆ ತಾಯಿಯ ತಂಗಿಯ, ಮನೆಯಲ್ಲಿದ್ದವಳು; ಮೂವರ ಪಾಲಿನ ಮಾತನ್ನೂ ಅವಳೊಬ್ಬಳೇ ಆಡುತ್ತಿದ್ದಳು. ಇನ್ನು ವೈರ್ ಸುಲಿಯುವ ಹುಡುಗ, ರಾಯಬಾಗದ ಕಡೆಯ ಕುರಿಗಾರರ ಮನೆಯವನು, ಹಾಸ್ಟೆಲಿನಲ್ಲಿದ್ದ. ಗಾಲಿ, ಸ್ಕ್ರೂ, ಮೋಟರ್ ಎಲ್ಲ ಅವನ ಸುಪರ್ದಿ.

ರೋಬೋ ಎಂದರೆ ನಾನು ಮನುಷ್ಯನಂತೆ ಕೈಕಾಲು ಇರುವುದನ್ನು ಕಲ್ಪಿಸಿಕೊಂಡು ಹೋಗಿದ್ದೆ. ಅಲ್ಲಿ ನೋಡಿದರೆ ಊಟದ ಡಬ್ಬಿಯಷ್ಟು ಗಾತ್ರದ ಒಂದು ಗಾಡಿ. ಎರಡು ಗಾಲಿ, ಮುಂದೆ ಒಂದು ಚಿಮಟಿಗೆ. ನೆಲದ ಮೇಲೆ ಯಾರದೋ ಹುಟ್ಟುಹಬ್ಬದ ಹಳೆಯ ಫ್ಲೆಕ್ಸ್ ಬೋರಲು ಹಾಸಿ, ಅದರ ಬಿಳಿ ಬೆನ್ನಿನ ಮೇಲೆ ಕಪ್ಪು ಟೇಪಿನಿಂದ ಅಂಕುಡೊಂಕು ದಾರಿ ಅಂಟಿಸಿದ್ದರು. ಈ ಗಾಡಿ ಯಾರೂ ಮುಟ್ಟದೆ ತಾನೇ ಆ ಕಪ್ಪು ಗೆರೆ ಹಿಡಿದು ಹೋಗಬೇಕು, ದಾರಿಯಲ್ಲಿಟ್ಟ ಮೂರು ಸಣ್ಣ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ಕೊನೆಯ ಚೌಕದಲ್ಲಿ ಇಡಬೇಕು. ಇಷ್ಟೇ ಸ್ಪರ್ಧೆ.

"ಇದಕ್ಕೆ ಗೆರೆ ಹೇಗೆ ಕಾಣುತ್ತದೆ?" ಎಂದು ಕೇಳಿದೆ.

"ಹೊಟ್ಟಿ ಕೆಳಗ ಒಂದ ಕಣ್ಣೈತ್ರಿ ಮಿಸ್, ಅದರ ಬಾಜೂಕ ಒಂದ ಸಣ್ಣ ದೀಪ" ಎಂದು ಕುಡಚಿಯವಳು ಗಾಡಿಯನ್ನು ಬೆಕ್ಕಿನ ಮರಿಯಂತೆ ಅಂಗಾತ ಮಾಡಿ ತೋರಿಸಿದಳು. "ಬಿಳಿ ಮ್ಯಾಗ ಹೋದ್ರ ಭಾಳ ಬೆಳಕು ಹೊಳ್ಳಿ ಕಣ್ಣಿಗೆ ಬರತೈತಿ. ಕರೀ ಮ್ಯಾಗ ಕಡಿಮಿ. ಎಷ್ಟ ಬಂತು ಅನ್ನೂದು ಲ್ಯಾಪ್‌ಟಾಪಿನ್ಯಾಗ ಅಂಕಿ ಆಗಿ ಕಾಣತೈತಿ. ಇಷ್ಟಕ್ಕಿಂತ ಕೆಳಗ ಇದ್ರ ಕರೀ ಗೆರಿ ಅಂತ ತಿಳಕೋ ಅಂತ ಇಕಿ ಅದಕ್ಕ ಕಲಿಸ್ಯಾಳ."

ಬೇಡಕಿಹಾಳದವಳು ತಲೆ ಎತ್ತಲಿಲ್ಲ. ಬಟನ್ ಒತ್ತಿದಳು. ಆ ಡಬ್ಬಿ ಒಂದು ಕ್ಷಣ ಅತ್ತಿತ್ತ ಮುಖ ಆಡಿಸಿ, ಗೆರೆಯ ವಾಸನೆ ಹಿಡಿದಂತೆ, ತಿರುವಿನಲ್ಲಿ ನಿಧಾನ ಮಾಡಿ, ನೇರದಲ್ಲಿ ಓಡಿ, ನನ್ನ ಕಾಲ ಹತ್ತಿರ ಬಂದು ನಿಂತಿತು. ನಾನು ಕಾಲು ಎಳೆದುಕೊಂಡೆ. ಮಕ್ಕಳು ನಕ್ಕರು. ಓ ಮೈ ಗಾಡ್, ಅದು ಒಂದು ಜೀವವೇ ಎಂದು ಅನಿಸಿಬಿಟ್ಟಿತ್ತು.

ಆಮೇಲೆ ವಾರಕ್ಕೆ ಕೆಲವು ಸಂಜೆ ನಾನು ಹೋಗತೊಡಗಿದೆ. ಕಾನ್ವೆಂಟಿನ ಎಲೊಕ್ಯೂಶನ್ ಕ್ಲಾಸಿನಲ್ಲಿ ನಮ್ಮ ತಲೆಯ ಮೇಲೆ ಪುಸ್ತಕ ಇಟ್ಟು ನಿಲ್ಲಿಸುತ್ತಿದ್ದಂತೆ ಇವರನ್ನೂ ನಿಲ್ಲಿಸಿದೆ. ರಾಯಬಾಗದ ಹುಡುಗ ಮಾತ್ರ ಎಷ್ಟು ಹೇಳಿದರೂ ಒಂದು ಕಾಲಿನ ಮೇಲೆ ಭಾರ ಹಾಕಿ ಇನ್ನೊಂದನ್ನು ಅಡ್ಡ ಇಟ್ಟೇ ನಿಲ್ಲುತ್ತಿದ್ದ.

"ಪೋಸ್ಚರ್, ಪೋಸ್ಚರ್!" ಎಂದೆ.

"ಲೇ, ಕುರಿ ಕಾಯಾಕ ನಿಂತೀ ಏನಲೇ?" ಎಂದಳು ಕುಡಚಿಯವಳು.

"ಕುರಿ ಮುಂದ ನಿಂತ್ರ ಬೇಷ್ ಬೇ. ನಿನ್ನಂಗ ನಡುವ ಬಾಯಿ ಹಾಕಂಗಿಲ್ಲ ಅವು."

ಆ ಖೋಲಿಗೆ ಒಂದೇ ಕಿಟಕಿ, ಪಡುವಣಕ್ಕೆ. ಸಂಜೆಯ ಬಿಸಿಲು ಓರೆಯಾಗಿ ಒಳಗೆ ಬಂದು ಫ್ಲೆಕ್ಸಿನ ಮೇಲೆ ಹಾಸಿಕೊಳ್ಳುತ್ತಿತ್ತು. ಆ ಬಿಸಿಲು ಕೆಂಪಗಾಗುವ ಹೊತ್ತಿಗೆ ಕೆಲಸ ಬಂದ್. ಏಕೆಂದರೆ ಬೇಡಕಿಹಾಳದವಳದು ನೇಮ: ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ. ಮನೆಯಲ್ಲಿ ಎಲ್ಲರದೂ ಅದೇ ರೂಢಿ, ಆದರೆ ಇವಳು ಆ ವರ್ಷ ಅಜ್ಜಿಯ ಜೊತೆ ಕೂತು ತಾನೇ ಒಪ್ಪಿ ಹಿಡಿದ ನೇಮ ಅದು. ಊರಿಗೆ ಬಸ್ಸು ಮುಟ್ಟುವುದರೊಳಗೆ ಕತ್ತಲಾಗುತ್ತಿತ್ತು. ಅದಕ್ಕೆ ಅವಳ ತಾಯಿ ಬೆಳಿಗ್ಗೆಯೇ ಸಂಜೆಯ ಬುತ್ತಿಯನ್ನೂ ಕಟ್ಟುತ್ತಿದ್ದಳು, ಅದೂ ಮೂವರಿಗೆ ಸಾಕಾಗುವಷ್ಟು. ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ. ನನಗೂ ಒಂದು ತುಂಡು ರೊಟ್ಟಿ ಕೈಗೆ ಬರುತ್ತಿತ್ತು.

"ಬಳ್ಳೊಳ್ಳಿ ಹಾಕದ ಚಟ್ನಿ ಇಷ್ಟ್ ರುಚಿ ಹೆಂಗ ಮಾಡ್ತಾಳ ನಿಮ್ಮವ್ವ? ನಮ್ಮ ಅಮ್ಮಿ ಕೇಳಾಕತ್ತಾಳ" ಎಂದು ಕುಡಚಿಯವಳು ಬೆರಳು ನೆಕ್ಕುವಳು. ಉಂಡು, ಡಬ್ಬಿ ತೊಳೆದು, ಬಾಗಿಲು ಹಾಕಿದರೆ ಆ ದಿನ ಮುಗಿಯಿತು. ತಲೆಯ ಮೇಲಿನ ಟ್ಯೂಬ್‌ಲೈಟ್ ಸುಟ್ಟುಹೋಗಿ ಯಾವ ಕಾಲವಾಗಿತ್ತೋ. ಅದನ್ನು ಹಚ್ಚುವ ಪ್ರಸಂಗವೇ ಬರಲಿಲ್ಲ, ಹಾಗಾಗಿ ಯಾರ ಗಮನಕ್ಕೂ ಅದು ಬರಲಿಲ್ಲ.

ಒಂದು ದಿನ ಅವಳೊಬ್ಬಳೇ ಸಿಕ್ಕಾಗ, ಮುಂದಿನ ವರ್ಷವೂ ಹೀಗೇ ಮಾಡುತ್ತೀಯಾ ಎಂದು ಕೇಳಿದೆ. ಸ್ಕ್ರೂ ಬಿಗಿಮಾಡುತ್ತಲೇ ಹೇಳಿದಳು. "ಅಪ್ಪಾ ಈ ಒಂದ್ ಸಲ ಅಷ್ಟ ಅಂದಾನ್ರಿ. ಮುಂದ ಹತ್ತನೇತ್ತಾ. ಬೆಳಗಾವ್ಯಾಗ ಇದು ನಡದ್ರ ನೋಡೂಣು, ನಡೀಲಿಲ್ಲಂದ್ರ ಈ ಆಟಕಿ ಮನಿಗೆ ತರಬ್ಯಾಡ ಅಂದಾನ."

"ಮತ್ತೆ?"

"ನಡೀತೈತ್ರಿ" ಎಂದಳು. ಸ್ಕ್ರೂ ಇನ್ನೊಂದು ಸುತ್ತು ತಿರುಗಿತು.

ಆ ದಿನ ಬಂತು. ಕ್ರೂಸರ್ ಗಾಡಿ ಮಾಡಿಕೊಂಡು ಹೊರಟೆವು: ಮಕ್ಕಳು, ಸರ್, ನಾನು, ಮತ್ತು ಬೇಡಕಿಹಾಳದವಳ ತಂದೆ. ಅವರು ಬಿಳಿ ಟೊಪ್ಪಿಗೆ ಹಾಕಿಕೊಂಡು, ಮಡಿಲಲ್ಲಿ ದೊಡ್ಡ ಬುತ್ತಿ ಇಟ್ಟುಕೊಂಡು ಡ್ರೈವರ್ ಪಕ್ಕ ಕೂತಿದ್ದರು. ಹಿಂದೆ ಮಗಳ ಮಡಿಲಲ್ಲಿ ಟವೆಲ್ ಸುತ್ತಿದ ರೋಬೋ. ಕಬ್ಬಿನ ಹಂಗಾಮು, ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ತೆವಳುತ್ತ ಹೋದೆವು.

ಸ್ಪರ್ಧೆ ಒಂದು ಕಾಲೇಜಿನ ದೊಡ್ಡ ಹಾಲಿನಲ್ಲಿ. ಕಿಟಕಿಗಳಿಗೆಲ್ಲ ದಪ್ಪ ಪರದೆ, ಸೂರಿನ ತುಂಬ ಟ್ಯೂಬ್‌ಲೈಟ್. ಅಥಣಿ, ಕಾಗವಾಡದ ಕಡೆಯಿಂದಲೂ ತಂಡಗಳು ಬಂದಿದ್ದವು. ನಡುವೆ ಹಗ್ಗ ಕಟ್ಟಿದ್ದರು. ಹಗ್ಗದ ಆಚೆ ಮಕ್ಕಳು ಮಾತ್ರ, ಈಚೆ ನಾವು ದೊಡ್ಡವರು. ನಮಗೆ ಮುಟ್ಟುವ ಅಧಿಕಾರವಿಲ್ಲ. ಕುರ್ಚಿಯಲ್ಲಿ ಕೂತು ಕೈ ಕಟ್ಟಿಕೊಂಡಾಗ ನನಗೆ ಆ ಗಾಜಿನ ಕಪಾಟು ನೆನಪಾಯಿತು. ಲುಕ್, ಡೋಂಟ್ ಟಚ್. ಆದರೆ ಈ ಸಲ ಮುಟ್ಟುವವರು ಮಕ್ಕಳು. ಒಂದು ಕ್ಷಣ ಹೊಟ್ಟೆಕಿಚ್ಚೂ ಆಯಿತು, ಖುಷಿಯೂ ಆಯಿತು.

ಪ್ರತಿ ತಂಡಕ್ಕೆ ಎರಡು ಸಲ ಓಡಿಸುವ ಅವಕಾಶ. ಮೊದಲನೆಯದು ಮಧ್ಯಾಹ್ನ. ನಮ್ಮವರು ರೋಬೋವನ್ನು ಗೆರೆಯ ಮೇಲಿಟ್ಟರು. ಬಟನ್ ಒತ್ತಿದರು.

ಅದು ನಿಂತಲ್ಲೇ ತಿರುಗಿತು. ಒಂದು ಸುತ್ತು, ಇನ್ನೊಂದು ಸುತ್ತು. ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ ತಿರುಗುತ್ತಲೇ ಇತ್ತು. ಒಂದು ಗೇಣು ಮುಂದಕ್ಕೆ ಹೋಗಲಿಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಸಮಯ ಮುಗಿದ ಸೀಟಿ ಆಯಿತು. ಬೋರ್ಡಿನ ಮೇಲೆ ನಮ್ಮ ತಂಡದ ಮುಂದೆ ಸೊನ್ನೆ ಬಿತ್ತು.

ಬೇಡಕಿಹಾಳದವಳ ಅಪ್ಪ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಸಾಲ್ಯಾಗ ಓಡತಿತ್ತಂತಲ್ರಿ ಬಾಯಾರ?" ಎಂದು ಮೆಲ್ಲಗೆ ಕೇಳಿದರು.

"ಓಡುತ್ತಿತ್ತು. ನನ್ನ ಕಣ್ಣಾರೆ ನೋಡಿದ್ದೇನೆ."

"ಆತು ಬಿಡ್ರಿ" ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಮುಗಿಸಿ ಹಾಳೆ ಮಡಿಸಿಟ್ಟಂತಿತ್ತು, ಅಷ್ಟೆ. ಅದೇ ನನಗೆ ಹೆಚ್ಚು ದಿಗಿಲು ಹುಟ್ಟಿಸಿತು.

ಎರಡನೆಯ ಸರದಿ ಸಂಜೆಗೆ. ಅಲ್ಲಿಯವರೆಗೆ ರಿಪೇರಿ ಮಾಡಿಕೊಳ್ಳಲು ಹಾಲಿನ ಹೊರಬಾಗಿಲ ಹತ್ತಿರ ಟೇಬಲ್‌ಗಳನ್ನು ಹಾಕಿ, ಅಭ್ಯಾಸಕ್ಕೆಂದು ಗೆರೆ ಬರೆದ ಹಾಳೆಗಳನ್ನು ಹಾಸಿದ್ದರು. ದೊಡ್ಡವರು ಅಲ್ಲಿ ಪಕ್ಕದಲ್ಲಿ ನಿಲ್ಲಬಹುದಿತ್ತು, ಕೈ ಹಾಕುವ ಹಾಗಿರಲಿಲ್ಲ. ಹುಡುಗ ಬ್ಯಾಟರಿ ಬದಲಿಸಿದ, ಗಾಲಿ ಒರೆಸಿದ, ಮೋಟರನ್ನು ಕಿವಿಗಿಟ್ಟು ಆಲಿಸಿದ. ಎಲ್ಲ ಸರಿ. ಟೇಬಲ್ ಮೇಲಿಟ್ಟು ಬಿಟ್ಟರೆ, ಆಶ್ಚರ್ಯ, ರೋಬೋ ಗೆರೆ ಹಿಡಿದು ಸರಸರ ಓಡಿತು!

"ಇಲ್ಲೆ ಓಡತೈತಿ, ಅಲ್ಲೆ ಗರಗರ ತಿರಗತೈತಿ. ಮಂದಿ ನೋಡಿ ಹೆದರೇತಿ ಇದು, ನಿನ್ನಂಗ" ಎಂದಳು ಕುಡಚಿಯವಳು ಹುಡುಗನಿಗೆ. ಅವನು ಗಾಲಿಯನ್ನು ಮತ್ತೊಮ್ಮೆ ಒರೆಸಿದ. ಹೀಗೆಂದವಳ ಕಣ್ಣಲ್ಲೇ ನೀರಿತ್ತು.

ಬೇಡಕಿಹಾಳದವಳು ಟೇಬಲ್ಲಿನ ಮಟ್ಟಕ್ಕೆ ಕಣ್ಣು ತಂದು ಕುಕ್ಕರಗಾಲಲ್ಲಿ ಕೂತಿದ್ದಳು. ರೋಬೋ ಬಾಗಿಲ ಕಡೆಯಿಂದ ಒಳಗಿನ ಕಡೆಗೆ ಓಡುವುದು, ಅಲ್ಲಿ ಹೋದ ಕೂಡಲೇ ತಡವರಿಸುವುದು, ಮತ್ತೆ ಎತ್ತಿ ಬಾಗಿಲ ಕಡೆ ಇಟ್ಟರೆ ಓಡುವುದು. ಬಾಗಿಲಿಂದ ಬಂದ ಇಳಿಬಿಸಿಲು ಟೇಬಲ್ಲಿನ ಅರ್ಧಕ್ಕೆ ಬಂದು ನಿಂತಿತ್ತು. ಅವಳು ಆ ಬಿಸಿಲಿನ ಅಂಚನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಿರುಗದೆಯೇ ಕೈಯೊಂದನ್ನು ನನ್ನ ಕಡೆ ಚಾಚಿದಳು.

"ಮಿಸ್, ನಿಮ್ಮ ಛತ್ರಿ ಕೊಡ್ರಿ."

ಬಿಸಿಲಿಗೆಂದು ನಾನು ಎಲ್ಲಿ ಹೋದರೂ ಒಯ್ಯುವ ಕಪ್ಪು ಛತ್ರಿ. ಕೊಟ್ಟೆ. ಅವಳು ಅದನ್ನು ಬಿಚ್ಚಿ, ಬಿಸಿಲಲ್ಲಿ ಚೆನ್ನಾಗಿ ಓಡುತ್ತಿದ್ದ ರೋಬೋದ ಮೇಲೆ ಹಿಡಿದಳು. ನೆರಳು ಬಿತ್ತು. ರೋಬೋ ಗಕ್ಕನೆ ನಿಂತು ಸುತ್ತತೊಡಗಿತು. ಛತ್ರಿ ಸರಿಸಿದಳು. ಗೆರೆ ಹಿಡಿದು ಓಡಿತು. ಮತ್ತೆ ನೆರಳು: ಸುತ್ತು. ಮತ್ತೆ ಬಿಸಿಲು: ಓಟ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಹುಡುಗ ಉಸಿರು ಬಿಟ್ಟು, "ಮಾರಾಯ್ತಿ" ಎಂದ, ಅಷ್ಟೆ.

"ನಾವು ಇದಕ್ಕ ಬಿಸಲ ಒಂದ ಕಲಿಸೇವಿ" ಎಂದಳು ಅವಳು. "ಸಂಜಿ ಬಿಸಲಾಗ ಬಿಳಿ ಮ್ಯಾಗ ಎಷ್ಟ ಬೆಳಕು ಬರತೈತಿ, ಅದ ಲೆಕ್ಕಾ ಹಾಕೇನಿ. ಟ್ಯೂಬ್‌ಲೈಟಿನ ಕೆಳಗ ಅಷ್ಟ ಬರೂದ ಇಲ್ಲ. ಅದಕ್ಕ ಹಾಲಿನ್ಯಾಗ ಎಲ್ಲಾ ಕರೀನ ಕಾಣತೈತಿ ಪಾಪ. ನಾ ಹೊತ್ತ ಮುಳಗೂದ್ರಾಗ ಏಳತಿದ್ನಿ. ಅದೂ ನನ್ ಕೂಡ ಎದ್ದ ಬಿಡತಿತ್ತು."

ಇಷ್ಟು ವರ್ಷ ಕ್ಲಾಸಿನಲ್ಲಿ ನಿಂತು ಸಾವಿರ ಸಲ 'ಅಂಡರ್‌ಸ್ಟುಡ್?' ಎಂದು ಕೇಳಿದ್ದೇನೆ. ಆದರೆ ತಿಳಿವಳಿಕೆ ಎಂಬುದು ಒಂದು ಮಗುವಿನ ಮುಖಕ್ಕೆ ಹೀಗೆ ಬರುವುದನ್ನು, ನಸುಕಿನಲ್ಲಿ ಗೋಡೆಯ ಮೇಲೆ ಬೆಳಕು ಇಳಿದ ಹಾಗೆ ಬರುವುದನ್ನು, ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಚ್ಯಾಪೆಲ್ಲಿನಲ್ಲಿ ತಲೆ ತಗ್ಗಿಸುತ್ತಿದ್ದೆವಲ್ಲ, ಹಾಗೆ ತಗ್ಗಿಸಬೇಕು ಅನಿಸಿತು.

ಅಷ್ಟರಲ್ಲಿ ಜಡ್ಜ್ ಒಬ್ಬರು ಟೇಬಲ್ಲಿನಿಂದ ಟೇಬಲ್ಲಿಗೆ ಬರುತ್ತ ನಮ್ಮಲ್ಲಿ ನಿಂತರು. ಒಳಗೆ ಛತ್ರಿ ಬಿಚ್ಚಿದ್ದನ್ನು ನೋಡಿ ಹುಬ್ಬೇರಿಸಿ, "ವಾಟ್ ಹ್ಯಾಪನ್ಡ್ ಟು ಯುವರ್ ರೋಬೋ?" ಎಂದರು. ನಾನು ಕಲಿಸಿದ 'ಗುಡ್ ಮಾರ್ನಿಂಗ್, ರಿಸ್ಪೆಕ್ಟೆಡ್ ಜಡ್ಜಸ್' ಎಲ್ಲ ಎಲ್ಲಿ ಹೋಯಿತೋ! ಕುಡಚಿಯವಳು ಕಣ್ಣೊರೆಸಿಕೊಂಡು, ನೆಟ್ಟಗೆ ನಿಂತು ಹೇಳಿದಳು. "ಸರ್, ಅವರ್ ರೋಬೋ ಹ್ಯಾಸ್ ನೆವರ್ ಸೀನ್ ಟ್ಯೂಬ್‌ಲೈಟ್. ಓನ್ಲಿ ಸನ್. ಬಿಕಾಸ್ ವಿ ಈಟ್ ಬಿಫೋರ್ ಸನ್‌ಸೆಟ್." ಆಮೇಲೆ ಛತ್ರಿ ಹಿಡಿದು, ಸರಿಸಿ, ಎಲ್ಲವನ್ನೂ ಮಾಡಿ ತೋರಿಸಿದಳು. ಜಡ್ಜ್ ಟೇಬಲ್ಲಿನ ಮೇಲೆ ಎರಡೂ ಕೈ ಊರಿ ಪೂರ್ತಿ ಕೇಳಿದರು. ನಾನು ಬರೆಸಿದ ಭಾಷಣದಲ್ಲಿ ಅವಳು ಇಷ್ಟು ಚಂದ ಯಾವತ್ತೂ ಮಾತಾಡಿರಲಿಲ್ಲ.

ಕಾರಣ ಗೊತ್ತಾಯಿತು, ಕೆಲಸ ಉಳಿದಿತ್ತು. ತನ್ನ ದೀಪದ ಬೆಳಕಷ್ಟೇ ಕಂಡು ಹೊರಗಿನ ಬೆಳಕು ಕಣ್ಣಿನೊಳಗೆ ನುಗ್ಗದ ಹಾಗೆ ಸುತ್ತ ಕಪ್ಪು ಕಾಗದದ ಲಂಗ ತೊಡಿಸಬೇಕು. ಆಮೇಲೆ ಟ್ಯೂಬ್‌ಲೈಟಿನ ಕೆಳಗೆ ಬಿಳಿಗೆ ಎಷ್ಟು, ಕಪ್ಪಿಗೆ ಎಷ್ಟು ಎಂದು ಹೊಸದಾಗಿ ಅಳೆದು ಪ್ರೋಗ್ರಾಂ ತಿದ್ದಬೇಕು. ಅಥಣಿಯ ತಂಡದ ಮಕ್ಕಳು ತಮ್ಮ ಚಾರ್ಟಿನಿಂದ ಕಪ್ಪು ಕಾಗದದ ತುಂಡು ಹರಿದು ಕೊಟ್ಟರು. ಎದುರಾಳಿಗಳು! ಕೊಟ್ಟು, "ಕತ್ತರಿ ಬೇಕೇನ?" ಎಂದೂ ಕೇಳಿದರು.

ಬಾಗಿಲಿನ ಬಿಸಿಲು ಕೆಂಪಗಾಗುತ್ತಿತ್ತು. ಅಪ್ಪ ಬುತ್ತಿ ಹಿಡಿದು ಬಂದರು.

"ಮಗಳ, ಊಟಾ ಮಾಡ ಬಾ. ಹೊತ್ತ ಮುಳಗತೈತಿ."

ಅದೇ ಗಳಿಗೆಗೆ ಒಳಗಿನಿಂದ ಮೈಕಿನಲ್ಲಿ ಕರೆ ಬಂತು: ಮುಂದಿನ ತಂಡದ ನಂತರ ನಮ್ಮದು. ಅವಳು ಲ್ಯಾಪ್‌ಟಾಪಿನಿಂದ ಕಣ್ಣು ತೆಗೆದು ಬಾಗಿಲಾಚೆ ನೋಡಿದಳು, ಬುತ್ತಿಯನ್ನು ನೋಡಿದಳು.

"ಅಪ್ಪಾ, ಇವತ್ತ ನಂದು ಉಪಾಸ. ನೀರ ಅಷ್ಟ ಕೊಡು."

ಅಪ್ಪ ಏನಾದರೂ ಅನ್ನುತ್ತಾರೆ ಎಂದುಕೊಂಡೆ. ಅವರು ತಂಬಿಗೆಯ ನೀರು ಕೊಟ್ಟರು. ಅವಳು ಬಿಸಿಲಿರುವಾಗಲೇ ಗಟಗಟ ಕುಡಿದಳು. ಅವರು ಬುತ್ತಿಯನ್ನು ಮುಂದೆ ಚಾಚಿ, ಹುಡುಗನ ಕಡೆ ನೋಡಿ, "ನೀವರೆ ಉಣ್ರಿ" ಎಂದರು.

"ರಂಜಾನದಾಗ ನನ್ ರೋಜಾ ಇದ್ದಾಗ ಇಕಿ ನನ್ ಮುಂದ ಒಂದ ಬಿಸ್ಕೀಟ್ ಸೈತ ತಿಂದಿಲ್ರಿ ಕಾಕಾ" ಎಂದಳು ಕುಡಚಿಯವಳು, ಕಾಗದ ಕತ್ತರಿಸುತ್ತ. "ಈಗ ನಾ ಹೆಂಗ ತಿನ್ಲಿ?"

ಹುಡುಗ ಬಾಯಲ್ಲಿ ಟೇಪಿನ ತುದಿ ಕಚ್ಚಿಕೊಂಡಿದ್ದರಿಂದ ಬರೀ ತಲೆ ಅಲ್ಲಾಡಿಸಿದ.

ಒಳಗೆ ಹೋದರು. ನಾವು ಹಗ್ಗದ ಈಚೆ. ರೋಬೋ ಹೊಟ್ಟೆಯ ಕೆಳಗೆ ಸೊಟ್ಟಪಟ್ಟ ಕಪ್ಪು ಲಂಗ. ಅವಳು ಬಟನ್ ಒತ್ತಿ ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಅದು ಅತ್ತಿತ್ತ ಮುಖ ಆಡಿಸಿತು. ನನ್ನ ಪಕ್ಕದಲ್ಲಿ ಅಪ್ಪ ಕುರ್ಚಿಯ ಅಂಚಿಗೆ ಸರಿದರು. ಆಮೇಲೆ ಅದು ಹೊರಟಿತು. ತಿರುವಿನಲ್ಲಿ ನಿಧಾನ, ನೇರದಲ್ಲಿ ಓಟ. ಮೊದಲ ಡಬ್ಬಿ ಎತ್ತಿತು, ಒಯ್ದು ಇಟ್ಟಿತು. ಎರಡನೆಯದು ಇಟ್ಟಿತು. ಮೂರನೆಯದು ಚಿಮಟಿಗೆಯಿಂದ ಜಾರಿ ಉರುಳಿತು. ರೋಬೋಗೆ ಅದೇನೂ ತಿಳಿಯಲಿಲ್ಲ, ಖಾಲಿ ಚಿಮಟಿಗೆ ಹಿಡಿದುಕೊಂಡೇ ಗಂಭೀರವಾಗಿ ಗೆರೆಯ ಕೊನೆಗೆ ಹೋಗಿ, ಇಲ್ಲದ ಡಬ್ಬಿಯನ್ನು ಚೌಕದಲ್ಲಿಟ್ಟು ನಿಂತಿತು. ಹಾಲೆಲ್ಲ ನಕ್ಕಿತು, ಈ ಸಲ ಪ್ರೀತಿಯಿಂದ. ಒಂದು ಹಿಡಿ ವೈರು, ಎರಡು ಗಾಲಿ. ಮಧ್ಯಾಹ್ನ ಕುರುಡಾಗಿದ್ದದ್ದು ಸಂಜೆಗೆ ಕಾಣತೊಡಗಿತ್ತು. ಅದಕ್ಕೆ ಕಣ್ಣು ಕೊಟ್ಟವಳು ಹಗ್ಗದ ಆಚೆ ನಿಂತು ಜಡೆಯ ತುದಿ ಕಚ್ಚುತ್ತಿದ್ದಳು.

ಪ್ರೈಜ್ ಬೇರೆ ಯಾರಿಗೋ ಹೋಯಿತು. ಹೊರಗೆ ಬಂದಾಗ ಹೊತ್ತು ಮುಳುಗಿತ್ತು. ಕ್ರೂಸರಿನಲ್ಲಿ ಅಪ್ಪ ಬುತ್ತಿಯನ್ನು ಮಗಳ ಕೈಗೆ ಕೊಟ್ಟರು. ಅವಳೇ ರೊಟ್ಟಿಗೆ ಚಟ್ನಿ ಹಚ್ಚಿ, ಗದರಿಸಿ, ಗೆಳೆಯರಿಬ್ಬರಿಗೂ ತಿನ್ನಿಸಿದಳು. ಅಪ್ಪನೂ ಆ ದಿನ ಉಂಡಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಊರು ಹತ್ತಿರ ಬಂದಾಗ ಅವರು ಹಿಂದೆ ತಿರುಗಿದರು. ಮಾತು ಸರ್‌ಗೆ, ಕಿವಿ ಮಗಳ ಕಡೆಗೆ. "ಸರ, ಆ ನಿಮ್ ಖೋಲ್ಯಾಗ ಟ್ಯೂಬ್‌ಲೈಟ್ ಇಲ್ಲೇನ್ರಿ?"

"ಇದ್ದದ್ದು ಸುಟ್ಟೈತ್ರಿ."

"ನಾಳೆ ನಾ ತಂದ ಹಾಕತೇನಿ. ನೇಮ ನಮ್ದು. ಮಶೀನಿಗ್ಯಾಕ್ರಿ ಅದು?"

ಹಿಂದಿನ ಸೀಟಿನಲ್ಲಿ, ನನ್ನ ಪಕ್ಕದಲ್ಲಿ, ಟವೆಲ್ ಸುತ್ತಿದ ಗಂಟನ್ನು ಎರಡು ಕೈಗಳು ಸ್ವಲ್ಪ ಬಿಗಿಯಾಗಿ ಅಪ್ಪಿಕೊಂಡವು.

ಅವಳಿಗೆ ಈಗ ಹತ್ತನೇ ಕ್ಲಾಸು. ಮೊನ್ನೆ ಶನಿವಾರ, ಅರ್ಧ ದಿನದ ಶಾಲೆ ಬಿಟ್ಟ ಮೇಲೆ, ನಾನು ಛತ್ರಿ ಹಿಡಿದು ಆ ಖೋಲಿಗೆ ಹೋದೆ. ಹೊರಗೆ ಸುಡುಬಿಸಿಲು. ಕಿಟಕಿಗೆ ಫ್ಲೆಕ್ಸ್ ಬಿಗಿದು, ಬಾಗಿಲ ಸಂದಿಗೆ ಚೀಲ ತುರುಕಿ, ಒಳಗೆ ಹೊಸ ಟ್ಯೂಬ್‌ಲೈಟ್ ಹಚ್ಚಿಕೊಂಡು, ಮೂವರೂ ನೆಲದ ಮೇಲೆ ಬೋರಲು ಬಿದ್ದಿದ್ದರು. ಬಾಗಿಲು ತೆರೆದೊಡನೆ ಒಟ್ಟಿಗೆ ಚೀರಿದರು.

"ಬಾಗಲಾ ಹಾಕ್ರಿ ಮಿಸ್, ಬಾಗಲಾ! ಇಲ್ಲೆ ರಾತ್ರಿ ಐತಿ!"

ನಾನು ತಟ್ಟನೆ ಒಳಗೆ ಬಂದು, ಬೆನ್ನ ಹಿಂದೆ ಬಾಗಿಲು ಎಳೆದುಕೊಂಡು, ಅವರ ರಾತ್ರಿಯಲ್ಲಿ ನಿಂತೆ. ಬೇಡಕಿಹಾಳದವಳು ತಲೆ ಎತ್ತದೆ ರೋಬೋವನ್ನು ನನ್ನ ಕೈಗೆ ಕೊಟ್ಟಳು. "ಈ ಸಲ ನೀವು ಗೆರಿ ಮ್ಯಾಗ ಇಡ್ರಿ."

ಅದು ಬೆಚ್ಚಗಿತ್ತು. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ, ಗೆರೆಯ ಮೇಲೆ ಇಟ್ಟೆ.